ಚಿನ್ನದ ಪಿನ್ನು, ಉಪ್ಪಿನ ಗಾಳಿ

ಪ್ರಶ್ನೆ: ನಾನು ಕಾರವಾರದ ಕೋಡಿಬಾಗದಲ್ಲಿರುವ ನಿವೃತ್ತ ಶಿಕ್ಷಕಿ. ನಮ್ಮವರು ಇದ್ದಾಗ ಕೊಂಡ ರೆಕಾರ್ಡ್ ಪ್ಲೇಯರ್, ಸಿಡಿ ಪ್ಲೇಯರ್, ಸ್ಟೀರಿಯೋ ಆಂಪ್ಲಿಫೈಯರ್ ಈಗಲೂ ಇವೆ. ಮಳೆಗಾಲ ಬಂತೆಂದರೆ ಎಡಗಡೆ ಸ್ಪೀಕರ್ ಕರಕರ ಎನ್ನುತ್ತದೆ, ಕೆಲವೊಮ್ಮೆ ಬಂದೇ ಆಗುತ್ತದೆ. ರೆಕಾರ್ಡ್ ಹಾಕಿದರೆ ಹಾಡಿನ ಹಿಂದೆ ಗುಂಯ್ ಅನ್ನುವ ಸದ್ದು. ಸಿಡಿ ಹಾಕಿದರೆ ಅದಿಲ್ಲ. ಬೆಂಗಳೂರಿನಲ್ಲಿರುವ ಮಗ ಅಂಗಡಿಯೊಂದರಲ್ಲಿ ವಿಚಾರಿಸಿದ. ಬೆಳ್ಳಿ ಲೇಪದ ಪಿನ್ ಇರುವ ಕೇಬಲ್ ಹಾಕಿ, ಒಂದು ಜೊತೆಗೆ 14,000 ರೂಪಾಯಿ, ಹಾಡು ಬಿಚ್ಚಿಕೊಂಡು ಬರುತ್ತದೆ ಎಂದರಂತೆ. ಚಿನ್ನದ್ದಾದರೆ ಸ್ವರ ಮೃದು, ಬೆಳ್ಳಿಯದಾದರೆ ಚುರುಕು ಎಂದೂ ಹೇಳಿದ್ದಾರೆ. ಪಿನ್ನಿನ ಲೋಹ ಬದಲಾದರೆ ಸ್ವರ ಬದಲಾಗುತ್ತದೆಯೇ? ಯಾವುದು ಕೊಳ್ಳಲಿ?

ಉತ್ತರ: ಅಕ್ಕೋರೇ, ಆ 14,000 ರೂಪಾಯಿ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ನಿಮ್ಮ ಮನೆಯ ತೊಂದರೆ ಪಿನ್ನಿನದೇ ಇರಬಹುದು. ಆದರೆ ಅದು ಯಾವ ಲೋಹದ್ದು ಎಂಬುದರಿಂದ ಬಂದ ತೊಂದರೆ ಅಲ್ಲ. ಹಿಡಿತ ಸಡಿಲಾಗಿದೆ, ನಡುವೆ ಉಪ್ಪು ಕೂತಿದೆ. ಕುಮಟೆಯಲ್ಲಿ ನಾನು ರಿಪೇರಿ ಅಂಗಡಿ ಇಟ್ಟು ಇಪ್ಪತ್ತೆಂಟು ವರ್ಷ ಆಯಿತು. ಜೂನ್ ಅರ್ಧ ದಾಟಿದ ಮೇಲೆ ‘ಒಂದು ಬದಿ ಬರ್ತಾ ಇಲ್ಲ’ ಎಂದು ಬರುವ ಸೆಟ್‌ಗಳಲ್ಲಿ ಎಷ್ಟಕ್ಕೋ ಬೋರ್ಡ್ ಬಿಚ್ಚುವ ಕೆಲಸವೇ ಇರುವುದಿಲ್ಲ. ಪಿನ್ ಎರಡು ಸಲ ತಿರುಗಿಸಿದರೆ ಹಾಡುತ್ತದೆ. ಬಿಲ್ ಎಷ್ಟು ಮಾಡುವುದೆಂದು ನನಗೇ ಸಂಕೋಚ.

ಲೋಹದ ಲೆಕ್ಕ ಮೊದಲು ಮುಗಿಸಿಬಿಡುತ್ತೇನೆ. ಕರೆಂಟ್ ಹರಿಸುವುದರಲ್ಲಿ ತಾಮ್ರಕ್ಕೆ 100 ಅಂಕ ಕೊಟ್ಟರೆ ಬೆಳ್ಳಿಗೆ ಸುಮಾರು 105. ಚಿನ್ನಕ್ಕೆ 70ರ ಆಸುಪಾಸು. ಹೌದು, ಚಿನ್ನ ತಾಮ್ರಕ್ಕಿಂತ ಕೆಳಗೆ. ಹಿತ್ತಾಳೆಗೆ 28ರಷ್ಟು, ನಿಕಲ್‌ಗೆ ಅದಕ್ಕಿಂತ ಸ್ವಲ್ಪ ಕಡಿಮೆ, ತವರಕ್ಕೆ 15ರಷ್ಟು. ಇದನ್ನು ಕೇಳಿದರೆ ಹಿತ್ತಾಳೆ ಪಿನ್ ಕಳಪೆ ಅನ್ನಿಸುತ್ತದೆ, ಅಲ್ವಾ? ಆದರೆ ಪಿನ್ನಿನ ಉದ್ದ ಎಷ್ಟು? ಒಂದೂವರೆ ಸೆಂಟಿಮೀಟರ್. ದಪ್ಪ 3.2 ಮಿಲಿಮೀಟರ್. ಇಡೀ ಪಿನ್ ಹಿತ್ತಾಳೆಯದೇ ಆದರೂ ಅದರ ತಡೆ ಒಂದು ಓಮ್‌ನಲ್ಲಿ ಹತ್ತು ಸಾವಿರದ ಒಂದು ಪಾಲಿನಷ್ಟು. ಅದರ ಹಿಂದೆ ಇರುವ ಒಂದು ಮೀಟರ್ ತೆಳು ತಂತಿಯ ತಡೆಯೇ ಇದರ ನೂರಾರು ಪಟ್ಟು. ಎದುರಿಗಿರುವ ಆಂಪ್ಲಿಫೈಯರ್‌ನ ಇನ್‌ಪುಟ್ ತಡೆ 10,000ದಿಂದ 47,000 ಓಮ್. ಹಿತ್ತಾಳೆ ತೆಗೆದು ಬೆಳ್ಳಿ ಹಾಕುವುದು ಅಂದರೆ ಶರಾವತಿಗೆ ಒಂದು ತಂಬಿಗೆ ನೀರು ಸುರಿದು ಹೊಳೆ ಏರಿತೇ ಎಂದು ದಡದಲ್ಲಿ ನಿಂತು ನೋಡಿದ ಹಾಗೆ.

ನಾನೂ ಒಂದು ಕಾಲಕ್ಕೆ ಇದನ್ನೆಲ್ಲ ನಂಬಿರಲಿಲ್ಲ. ಲೆಕ್ಕ ಬೇರೆ, ಕಿವಿ ಬೇರೆ ಅನ್ನುತ್ತಿದ್ದೆ. ಒಂದು ಸಂಜೆ ಅಂಗಡಿಯಲ್ಲಿ ನಾಲ್ಕು ಜನ ಕೂತಿದ್ದೆವು. ಅದರಲ್ಲೊಬ್ಬರು ಭಾಗವತರು, ಶ್ರುತಿ ಕೂದಲೆಳೆಯಷ್ಟು ಇಳಿದರೂ ಮುಖ ಕಿವುಚುವವರು. ನನ್ನ ಅಳಿಯ ಪರದೆ ಹಿಂದೆ ಕೂತು ಮೂರು ಕೇಬಲ್ ಬದಲಾಯಿಸುತ್ತಿದ್ದ. ನಿಕಲ್ ಒಂದು, ಚಿನ್ನದ ಲೇಪ ಒಂದು, ಬೆಳ್ಳಿ ಒಂದು. ಯಾವುದು ಯಾವಾಗ ಎಂದು ನಮಗೆ ಗೊತ್ತಿಲ್ಲ. ನಾಲ್ಕನೇ ಸಲ ಭಾಗವತರು ‘ಹಾಂ, ಇದು ನೋಡು, ತಂಬೂರಿ ತುಂಬಿ ಬಂತು’ ಎಂದರು. ಅಳಿಯ ಆ ಸಲ ಕೇಬಲ್ ಮುಟ್ಟಿರಲೇ ಇಲ್ಲ. ಚಹಾ ಕುಡಿಯುತ್ತಿದ್ದ.

ಹಾಗಂತ ಹೊಸ ಕೇಬಲ್ ಹಾಕಿದ ಮೇಲೆ ‘ಸ್ವರ ಸುಧಾರಿಸಿತು’ ಎನ್ನುವವರು ಸುಳ್ಳು ಹೇಳುತ್ತಾರೆ ಎಂದಲ್ಲ. ಹಳೇ ಪಿನ್ ಹತ್ತು ವರ್ಷದಿಂದ ಅಲ್ಲೇ ಕೂತಿರುತ್ತದೆ. ಅದನ್ನು ಕಿತ್ತು ಹೊಸದನ್ನು ತಳ್ಳುವಾಗ ಸಾಕೆಟ್ಟಿನ ಒಳಗಿನ ಕೊಳೆ ಉಜ್ಜಿ ಹೋಗುತ್ತದೆ. ಸ್ವರ ನಿಜಕ್ಕೂ ಸುಧಾರಿಸುತ್ತದೆ. ಹಳೇ ಪಿನ್ನನ್ನೇ ಕಿತ್ತು ಒರೆಸಿ ಮತ್ತೆ ತಳ್ಳಿದ್ದರೂ ಅಷ್ಟೇ ಸುಧಾರಿಸುತ್ತಿತ್ತು.

ಹಾಗಾದರೆ ಚಿನ್ನ ಯಾಕೆ ಬಳಿಯುತ್ತಾರೆ? ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಅಷ್ಟೇ. ಸ್ವರಕ್ಕಲ್ಲ, ಬಾಳಿಕೆಗೆ. ಒಳ್ಳೆ ಕನೆಕ್ಟರಿನಲ್ಲಿ ಹಿತ್ತಾಳೆಯ ಮೇಲೆ ನಿಕಲ್, ನಿಕಲ್ ಮೇಲೆ ಅರ್ಧ ಮುಕ್ಕಾಲು ಮೈಕ್ರಾನ್ ಚಿನ್ನ ಇರುತ್ತದೆ. ನಡುವೆ ನಿಕಲ್ ಇಲ್ಲದಿದ್ದರೆ ಅಡಿಯ ಲೋಹ ವರ್ಷಗಳಲ್ಲಿ ಮೆಲ್ಲಗೆ ಚಿನ್ನದೊಳಗೇ ಸೇರಿ ಮೇಲಕ್ಕೆ ಬರುತ್ತದೆ. ಪೇಟೆಯಲ್ಲಿ ನೂರು ರೂಪಾಯಿಗೆ ಸಿಗುವ ‘ಗೋಲ್ಡ್ ಪ್ಲೇಟೆಡ್’ ಪಿನ್ನಿನಲ್ಲಿ ಚಿನ್ನ ಇದರ ಹತ್ತನೇ ಒಂದು ಪಾಲೂ ಇರುವುದು ಕಷ್ಟ. ನೀವು ಒನ್ ಗ್ರಾಂ ಗೋಲ್ಡ್ ಸರ ನೋಡಿರುತ್ತೀರಿ. ಮದುವೆಮನೆಯಲ್ಲಿ ಫಳಫಳ. ನಾಲ್ಕು ಸಲ ಬೆವರು ತಾಗಿದರೆ ಕುತ್ತಿಗೆ ಹತ್ತಿರ ಬಣ್ಣ ಇಳಿಯುತ್ತದೆ. ಇದೂ ಅದೇ ಕಥೆ. ಅಷ್ಟು ತೆಳು ಪದರದಲ್ಲಿ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಉಪ್ಪಿನ ತೇವ ಅಲ್ಲಿಂದ ಒಳಗಿಳಿಯುತ್ತದೆ. ಮೇಲೆ ಚಿನ್ನ, ಅಡಿಯಲ್ಲಿ ಹಸಿರು. ಬಯಲುಸೀಮೆಯ ಮನೆಯಲ್ಲಿ ಇಪ್ಪತ್ತು ವರ್ಷ ಬಾಳುವ ಪಿನ್ ನಿಮ್ಮ ಕೋಡಿಬಾಗದಲ್ಲಿ ಮೂರು ಮಳೆಗಾಲ ಕಂಡರೆ ದೊಡ್ಡದು.

ಬೆಳ್ಳಿಯ ಬಗ್ಗೆ ನನ್ನದೇ ಪೆದ್ದುತನ ಹೇಳಬೇಕು. ಒಂದು ವರ್ಷ ಆಸೆಪಟ್ಟು ಬೆಳ್ಳಿ ಲೇಪದ ನಾಲ್ಕು ಪಿನ್ ತರಿಸಿದೆ. ಅಂಗಡಿಯ ಸೆಟ್ಟಿಗೇ ಹಾಕಿಕೊಂಡೆ. ಅಘನಾಶಿನಿ ಹಿನ್ನೀರಿನ ಕಡೆಯಿಂದ ಇಳಿತದ ಹೊತ್ತಿಗೆ ಕೊಳೆತ ಮೊಟ್ಟೆಯ ಹಾಗೆ ಒಂದು ನಾತ ಬರುತ್ತದಲ್ಲ, ಕಾಂಡ್ಲಾ ಗಿಡಗಳ ಬುಡದ ಕೆಸರಿನದು, ಅದು ಹೈಡ್ರೋಜನ್ ಸಲ್ಫೈಡ್. ಬೆಳ್ಳಿಗೆ ಅದು ತಾಗಿದರೆ ಕಪ್ಪು. ದೀಪಾವಳಿ ಹೊತ್ತಿಗೆ ನನ್ನ ಪಿನ್ನುಗಳು ತಿಕ್ಕದೆ ಬಿಟ್ಟ ದೇವರಮನೆ ದೀಪದ ಹಾಗೆ ಆಗಿದ್ದವು. ನಿಜ ಹೇಳಬೇಕೆಂದರೆ ಆಮೇಲೂ ಅವು ಹಾಡುತ್ತಿದ್ದವು. ಬೆಳ್ಳಿಯ ಕಪ್ಪು ಮೆದು, ಪಿನ್ ಬಿಗಿ ಇದ್ದರೆ ತಳ್ಳುವಾಗ ಉಜ್ಜಿಹೋಗುತ್ತದೆ. ಆದರೆ ಕಾಳಿ ಅಳಿವೆಯ ಪಕ್ಕದಲ್ಲಿ ಕೂತು ಬೆಳ್ಳಿ ಪಿನ್ನಿಗೆ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ, ಹಿಡಿತ. ಎರಡು ಲೋಹ ಒಂದನ್ನೊಂದು ತಾಗಿದಾಗ ಪೂರ್ತಿ ಮೈ ತಾಗುವುದಿಲ್ಲ. ಹಲಸಿನಕಾಯಿ ಸಿಪ್ಪೆ ಎರಡನ್ನು ಮುಳ್ಳಿಗೆ ಮುಳ್ಳು ಎದುರು ಮಾಡಿ ಒತ್ತಿ ನೋಡಿ. ಅಲ್ಲಲ್ಲಿ ಕೆಲವು ಮುಳ್ಳು ಮಾತ್ರ ಕೂಡುತ್ತವೆ. ನುಣುಪಾಗಿ ಕಾಣುವ ಪಿನ್ನೂ ಸೂಕ್ಷ್ಮದರ್ಶಕದಲ್ಲಿ ಹಾಗೆಯೇ. ಕರೆಂಟ್ ಹರಿಯುವುದು ಆ ನಾಲ್ಕಾರು ಮುಳ್ಳುಗಳ ಮೂಲಕ. ಜೋರಾಗಿ ಒತ್ತಿದರೆ ಮುಳ್ಳುಗಳು ಚಪ್ಪಟೆಯಾಗಿ ಗಾಳಿ ನುಗ್ಗದಷ್ಟು ಬಿಗಿಯಾಗುತ್ತವೆ. ಗಾಳಿ ನುಗ್ಗದಲ್ಲಿ ತುಕ್ಕಿಲ್ಲ. ಆಗ ಅದು ಬರೀ ನಿಕಲ್ ಆದರೂ ವರ್ಷಗಟ್ಟಲೆ ಸುಮ್ನೆ ಕೆಲಸ ಮಾಡುತ್ತದೆ. ಸ್ಪ್ರಿಂಗ್ ಸಡಿಲಾದರೆ ಹಗಲು ಬಿಸಿಗೆ ಹಿಗ್ಗಿ, ರಾತ್ರಿ ತಂಪಿಗೆ ಕುಗ್ಗಿ, ಸ್ಪೀಕರಿನ ಗುದ್ದಿಗೆ ಅದುರಿ, ಕೂದಲೆಳೆಯಷ್ಟು ಅಲುಗುತ್ತಲೇ ಇರುತ್ತದೆ. ಅಲುಗಿದಾಗಲೆಲ್ಲ ಹೊಸ ಜಾಗಕ್ಕೆ ತುಕ್ಕು. ನಿಮ್ಮ ಕರಕರ ಅಂದರೆ ಇದೇ.

ತುಕ್ಕು ಬರೀ ತಡೆ ಒಡ್ಡಿದರೆ ಪರವಾಗಿಲ್ಲ, ಸ್ವಲ್ಪ ಸದ್ದು ಕಡಿಮೆಯಾದೀತು. ಆದರೆ ತಾಮ್ರದ ಆಕ್ಸೈಡ್ ಅರೆವಾಹಕ. 1920ರ ದಶಕದಲ್ಲಿ ಅದನ್ನೇ ಬಳಸಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ರೆಕ್ಟಿಫೈಯರ್ ಮಾಡಿದ್ದರು. ಅಂದರೆ ಹಸಿರುಗಟ್ಟಿದ ಪಿನ್ ಅದೇ ಕೆಲಸ ಅರೆಬರೆ ಮಾಡುವ ಒಂದು ಕೆಟ್ಟ ಡಯೋಡ್ ಆಗಬಲ್ಲದು. ಹಳೇ ಫೋನ್‌ಗೆ ಕರೆ ಬರುವ ಮೊದಲು ಸ್ಪೀಕರಿನಲ್ಲಿ ‘ಡಿರ್ರ್ ಡಿರ್ರ್’ ಬರುತ್ತಿತ್ತಲ್ಲ, ಅಂಥದ್ದನ್ನು ಹಿಡಿದು ಒಳಗೆ ಕರೆದುಕೊಳ್ಳುವುದು ಇಂಥ ಜಾಗ.

ನಿಮ್ಮದು ಆರ್‌ಸಿಎ ಪಿನ್. ಅಮೆರಿಕದ ರೇಡಿಯೋ ಕಾರ್ಪೊರೇಶನ್ ಆಫ್ ಅಮೆರಿಕ ಕಂಪನಿ 1930ರ ದಶಕದಲ್ಲಿ ರೇಡಿಯೋದ ಒಳಗಿನ ಜೋಡಣೆಗೆಂದು ಮಾಡಿದ ಅಗ್ಗದ ಕೊಂಡಿ ಅದು. ನಡುವೆ ಒಂದು ಕಡ್ಡಿ, ಸುತ್ತ ಒಂದು ಉಂಗುರ. ಎಲ್ಲರೂ ಕಡ್ಡಿಯ ಹೊಳಪು ನೋಡುತ್ತಾರೆ. ನಾನು ಮೊದಲು ನೋಡುವುದು ಉಂಗುರ. ಹಾಡು ಕಡ್ಡಿಯಲ್ಲಿ ಹೋಗಿ ಉಂಗುರದಲ್ಲಿ ವಾಪಸ್ ಬರುತ್ತದೆ. ಎರಡು ಪೆಟ್ಟಿಗೆಗಳ ಗ್ರೌಂಡ್, ಅಂದರೆ ಶೂನ್ಯ ವೋಲ್ಟಿನ ನೆಲೆ, ಕೂಡಿಸುವುದೂ ಅದೇ ಉಂಗುರ. ಕರೆಂಟಿನಿಂದ ನಡೆಯುವ ಯಾವ ಪೆಟ್ಟಿಗೆಯಲ್ಲೂ ಸ್ವಲ್ಪ ಸೋರಿಕೆ ಕರೆಂಟ್ ಇದ್ದೇ ಇರುತ್ತದೆ. ಅದು ಈ ಉಂಗುರದ ದಾರಿಯಲ್ಲೇ ಓಡಾಡುತ್ತದೆ. ಉಂಗುರ ಬಿಗಿ ಇದ್ದರೆ ಏನೂ ಕೇಳಿಸುವುದಿಲ್ಲ. ಅಲ್ಲಿ ತುಕ್ಕು ಕೂತು ತಡೆ ಒಂದು ಓಮ್ ಆಯಿತು ಎನ್ನಿ. ಸೋರಿಕೆ 0.1 ಮಿಲಿಆಂಪ್ ಇದ್ದರೂ ಅಲ್ಲಿ 100 ಮೈಕ್ರೋವೋಲ್ಟ್ ಹುಟ್ಟಿ ಹಾಡಿನ ಜೊತೆ ಸೇರಿಕೊಳ್ಳುತ್ತದೆ.

ಸಿಡಿಗೆ ಗುಂಯ್ ಇಲ್ಲ, ರೆಕಾರ್ಡಿಗೆ ಇದೆ ಎಂದಿರಿ. ಉತ್ತರ ಇದರಲ್ಲೇ ಇದೆ. ಸಿಡಿ ಪ್ಲೇಯರ್ ಕಳಿಸುವುದು 2 ವೋಲ್ಟ್ ತನಕ. ಅದರ ಮುಂದೆ 100 ಮೈಕ್ರೋವೋಲ್ಟ್ ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ರೆಕಾರ್ಡ್ ಪ್ಲೇಯರಿನ ಮುಳ್ಳಿನಿಂದ ಬರುವುದು ಬರೀ 5 ಮಿಲಿವೋಲ್ಟ್. ಅದರ ಮುಂದೆ ಅದೇ 100 ಮೈಕ್ರೋವೋಲ್ಟ್ ಐವತ್ತರಲ್ಲಿ ಒಂದು ಪಾಲು. ಸಾಲದ್ದಕ್ಕೆ ರೆಕಾರ್ಡ್ ಕೊರೆಯುವಾಗ ತಗ್ಗಿಸಿದ ಕೆಳಗಿನ ಸ್ವರಗಳನ್ನು ಫೋನೋ ಸರ್ಕ್ಯೂಟ್ (ಆಂಪ್ಲಿಫೈಯರಿನಲ್ಲಿ ರೆಕಾರ್ಡಿಗೆಂದೇ ಇರುವ ಭಾಗ) ಮತ್ತೆ ಏರಿಸಬೇಕಾಗುತ್ತದೆ. ನಮ್ಮ ಮನೆ ಕರೆಂಟಿನ 50 ಹರ್ಟ್ಸ್ ಜಾಗದಲ್ಲಿ ಆ ಏರಿಕೆ ನಡುಸ್ವರಕ್ಕಿಂತ 17 ಡೆಸಿಬೆಲ್‌ನಷ್ಟು ಜಾಸ್ತಿ. ಹಾಗಾಗಿ ರೆಕಾರ್ಡ್ ಪ್ಲೇಯರಿನ ಉಂಗುರ ಸ್ವಲ್ಪ ಸಡಿಲಾದರೂ ಮನೆ ತುಂಬ ಜೇನುಹುಳ.

ಕಳೆದ ಆಷಾಢದಲ್ಲಿ ಅಂಕೋಲೆಯಿಂದ ಒಬ್ಬರು ಇಂಥದ್ದೇ ಕೇಬಲ್ ತಂದಿದ್ದರು. ಹೊರಗೆ ದಪ್ಪ ಬಲೆಯ ಹೊದಿಕೆ, ಕೆತ್ತಿದ ಅಕ್ಷರ, ಹಾರದ ಪದಕದಂಥ ಪಿನ್. ಟೋಪಿ ತಿರುಗಿಸಿ ಬಿಚ್ಚಿದೆ. ಒಳಗಿಂದ ಹಸಿರು ಪುಡಿ ಮೇಜಿನ ಮೇಲೆ ಉದುರಿತು. ಕಡ್ಡಿಗೆ ಸೋಲ್ಡರ್ ಚೆನ್ನಾಗಿತ್ತು. ಉಂಗುರದ ಕಡೆ ಮಾತ್ರ ತಂತಿಯ ಎಳೆಗಳನ್ನು ಸುಮ್ನೆ ಮಡಚಿ ಒಂದು ಸಣ್ಣ ಸ್ಕ್ರೂ ಬಿಗಿದಿದ್ದರು. ಎಳೆ ಬೆರಳಿಗೆ ತಾಗಿದರೆ ಒಣಗಿದ ದರ್ಭೆಯ ಹಾಗೆ ಮುರಿಯುತ್ತಿತ್ತು. ಎರಡು ಸೆಂಟಿಮೀಟರ್ ಕತ್ತರಿಸಿ, ಹೊಳಪಿನ ತಾಮ್ರ ಕಾಣುವ ತನಕ ಹೋಗಿ, ಸಾಧಾರಣ ನಿಕಲ್ ಪಿನ್ ಹಾಕಿ ಎರಡೂ ಕಡೆ ಸೋಲ್ಡರ್ ಮಾಡಿದೆ. ಗುಂಯ್ ಹೋಯಿತು. ಅವರಿಗೆ ಪದಕ ಹೋದದ್ದಕ್ಕೆ ಸ್ವಲ್ಪ ಬೇಜಾರಾಯಿತು.

ಹಾಗಾಗಿ ಪಿನ್ ಕೊಳ್ಳುವಾಗ ನೋಡಬೇಕಾದ್ದು ಬೇರೆ. ಟೋಪಿ ಬಿಚ್ಚಲು ಬರುವಂತಿರಲಿ. ಅಚ್ಚು ಹೊಯ್ದ ಪಿನ್ ಒಳಗೆ ಏನಾಗಿದೆ ಎಂದು ದೇವರಿಗೇ ಗೊತ್ತು. ಉಂಗುರಕ್ಕೆ ಸೀಳು ಇದ್ದು ದಳಗಳಂತೆ ಒಳಕ್ಕೆ ಒತ್ತಬೇಕು. ತಳ್ಳುವಾಗ ಸ್ವಲ್ಪ ಜೋರು ಬೇಕಾಗಬೇಕು, ಬಿಟ್ಟರೆ ಕೇಬಲ್ಲಿನ ಭಾರಕ್ಕೆ ಪಿನ್ ಬಾಗಬಾರದು. ಕಡ್ಡಿ ಮತ್ತು ಉಂಗುರದ ನಡುವಿನ ಬಿಳಿ ತುಂಡು ಟೆಫ್ಲಾನ್ ಆದರೆ ಒಳ್ಳೇದು. ಅದರಿಂದ ಸ್ವರ ಮಧುರವಾಗುವುದಿಲ್ಲ. ಸೋಲ್ಡರ್ ಮಾಡುವಾಗ ಕರಗುವುದಿಲ್ಲ, ಕಡ್ಡಿ ಓರೆಯಾಗುವುದಿಲ್ಲ, ಅದಕ್ಕೆ. ತಿರುಗಿಸಿ ಬಿಗಿಯುವ ಲಾಕ್ ಪಿನ್ನುಗಳೂ ಸಿಗುತ್ತವೆ. ಹಿಡಿತ ಚೆನ್ನಾಗಿದೆ, ಆದರೆ ನಿಮ್ಮ ಹಳೇ ಆಂಪ್ಲಿಫೈಯರಿಗೆ ನಾನು ಹೇಳುವುದಿಲ್ಲ. ಲಾಕ್ ಬಿಚ್ಚುವುದು ಮರೆತು ಎಳೆದರೆ ಸಾಕೆಟ್ಟೇ ಕಿತ್ತು ಬರುತ್ತದೆ. ಭಾರದ ಪಿನ್ನುಗಳದೂ ಅದೇ ಕಷ್ಟ. ಸಾಕೆಟ್ಟಿನ ಹಿಂದಿನ ಸೋಲ್ಡರ್ ವರ್ಷಗಟ್ಟಲೆ ಆ ಭಾರ ಹೊತ್ತು ಬಿರುಕು ಬಿಡುತ್ತದೆ. ಎಷ್ಟೋ ಸಲ ಕರಕರ ಪಿನ್ನಿನದಲ್ಲ, ಆ ಬಿರುಕಿನದು.

ಇನ್ನೊಂದು, ಆಂಪ್ಲಿಫೈಯರಿನ ಹಿಂದೆ ಟಾರ್ಚ್ ಹಾಕಿ ಸಾಕೆಟ್ಟಿನ ಬಣ್ಣ ನೋಡಿ. ಬೆಳ್ಳಗಿದ್ದರೆ ನಿಕಲ್ ಅಥವಾ ತವರ. ಅದಕ್ಕೆ ನಿಕಲ್ ಪಿನ್ನೇ ಸರಿ. ತವರದ ಸಾಕೆಟ್ಟಿಗೆ ಚಿನ್ನದ ಪಿನ್ ತಳ್ಳಿದರೆ ಉಪ್ಪಿನ ತೇವದಲ್ಲಿ ಅವೆರಡೂ ಸೇರಿ ಪುಟ್ಟ ಬ್ಯಾಟರಿಯಾಗುತ್ತವೆ, ತವರ ತಿಂದುಹೋಗುತ್ತದೆ. ಹಳದಿ ಇದ್ದರೆ ಚಿನ್ನಕ್ಕೆ ಚಿನ್ನ.

ಏನೂ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಆಂಪ್ಲಿಫೈಯರ್ ಬಂದ್ ಮಾಡಿ. ಆರ್‌ಸಿಎ ಪಿನ್ನಿನಲ್ಲಿ ಉಂಗುರಕ್ಕಿಂತ ಮೊದಲು ಕಡ್ಡಿ ತಾಗುತ್ತದೆ. ಚಾಲೂ ಇದ್ದಾಗ ಎಳೆದರೆ ಸ್ಪೀಕರ್ ಢಬ್ ಎಂದು ಹೊಡೆಯುತ್ತದೆ. ಸಿಡಿ ಪ್ಲೇಯರಿನಿಂದ ಬಂದ ಕೆಂಪು, ಬಿಳಿ ಪಿನ್ನುಗಳನ್ನು ಆಂಪ್ಲಿಫೈಯರ್ ಕಡೆ ಅದಲುಬದಲು ಮಾಡಿ ಹಾಕಿ, ಮತ್ತೆ ಚಾಲೂ ಮಾಡಿ. ಈಗ ಕರಕರ ಬಲಕ್ಕೆ ಹೋಯಿತೇ? ಹಾಗಾದರೆ ತೊಂದರೆ ಕೇಬಲ್ಲಿನದು ಅಥವಾ ಪ್ಲೇಯರಿನದು. ಎಡಕ್ಕೇ ಉಳಿಯಿತೇ? ಆಂಪ್ಲಿಫೈಯರ್ ಅಥವಾ ಸ್ಪೀಕರ್ ಕಡೆ ಹುಡುಕಬೇಕು. ಆಮೇಲೆ ಸದ್ದು ಸಣ್ಣಗಿಟ್ಟು ಒಂದೊಂದೇ ಪಿನ್ನನ್ನು ಮೆಲ್ಲಗೆ ತಿರುಗಿಸಿ. ಎಲ್ಲಿ ಕರಕರ ಎದ್ದಿತೋ ಅಲ್ಲೇ ಕಳ್ಳ.

ತೊಳೆಯುವುದಕ್ಕೆ ಮೊಬೈಲ್ ರಿಪೇರಿಯವರ ಹತ್ತಿರ ಐಪಿಎ ಅಂತ ಕೇಳಿ, ಐಸೋಪ್ರೊಪೈಲ್ ಆಲ್ಕೋಹಾಲ್. ಪ್ಲೇಯರ್, ಆಂಪ್ಲಿಫೈಯರ್ ಎರಡರ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ. ಕಿವಿ ಕಡ್ಡಿಗೆ ಸ್ವಲ್ಪ ತಾಗಿಸಿ ಪಿನ್ನಿನ ಕಡ್ಡಿ, ಉಂಗುರದ ಒಳಮೈ, ಸಾಕೆಟ್ಟಿನ ಹೊರಮೈ ಒರೆಸಿ. ಹತ್ತಿ ಕಪ್ಪಾಗುತ್ತದೆ. ಕಪ್ಪು ಬರುವುದು ನಿಲ್ಲುವ ತನಕ ಒರೆಸಿ. ಒಣಗಿದ ಮೇಲೆ ಪಿನ್ನನ್ನು ನಾಲ್ಕೈದು ಸಲ ಸ್ವಲ್ಪ ತಿರುಗಿಸುತ್ತ ಒಳಗೆ ಹೊರಗೆ ಮಾಡಿ. ಕೊರೋನಾ ಕಾಲದ ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಸ್ಯಾಂಡ್‌ಪೇಪರ್ ಬೇಡ, ಲೇಪವೇ ಹೋಗುತ್ತದೆ. ಹುಣಸೆಹುಳಿಯಂತೂ ಬೇಡವೇ ಬೇಡ. ನಗಬೇಡಿ, ಹಿತ್ತಾಳೆ ಬಿಂದಿಗೆ ತಿಕ್ಕುವ ಹಾಗೆ ಹುಣಸೆಹುಳಿ, ಉಪ್ಪು ಹಾಕಿ ತಿಕ್ಕಿ ತಂದವರಿದ್ದಾರೆ. ಮಳೆ ಶುರುವಾಗುವ ಮೊದಲು ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ ಒರೆಸಿದರೆ ಸಾಕು. ಮಳೆಗಾಲದಲ್ಲಿ ದಿನಾ ಅರ್ಧ ಗಂಟೆ ಸೆಟ್ ಚಾಲೂ ಇಡಿ. ಅದರ ಬಿಸಿಗೇ ತೇವ ಹಾರುತ್ತದೆ. ಶಿರಸಿ ಕಡೆಯ ನನ್ನ ಗಿರಾಕಿಗಳಿಗೆ ಉಪ್ಪಿನ ಕಾಟ ಇಲ್ಲ. ಅವರಿಗೆ ಬೂಷ್ಟು ಮತ್ತು ಇರುವೆ. ಅದು ಬೇರೆ ಪುರಾಣ.

ಸ್ಪೀಕರ್ ತಂತಿಯ ತುದಿಯನ್ನೂ ನೋಡಿ. ಅಲ್ಲಿ ಎದುರಿಗಿರುವುದು 47,000 ಓಮ್ ಅಲ್ಲ, ಬರೀ 8. ಆದರೂ ಜೋಡಣೆಯಲ್ಲಿ 0.1 ಓಮ್ ತಡೆ ಬಂದರೆ ಕಳೆಯುವುದು 0.1 ಡೆಸಿಬೆಲ್, ಕಿವಿಗೆ ಗೊತ್ತಾಗುವುದಿಲ್ಲ. ಒಂದು ಓಮ್ ಆದರೆ 1 ಡೆಸಿಬೆಲ್, ಗೊತ್ತಾಗುತ್ತದೆ. ಪಾರದರ್ಶಕ ಹೊದಿಕೆಯ ಒಳಗೆ ತಾಮ್ರ ಹಸಿರಾಗಿದ್ದರೆ ಹೊಳಪು ಸಿಗುವ ತನಕ ಕತ್ತರಿಸಿ ಹೊಸ ತುದಿ ಮಾಡಿ. ಹೊಸ ತಂತಿ ಕೊಳ್ಳುವುದಾದರೆ ಎಳೆಗಳಿಗೆ ತವರ ಬಳಿದದ್ದು ಕೇಳಿ, ಬೋಟಿನ ವೈರಿಂಗಿಗೆ ಬಳಸುವಂಥದ್ದು. 2.5 ಚದರ ಮಿಲಿಮೀಟರ್ ಧಾರಾಳ ಆಯಿತು. ಕೈಯಲ್ಲಿ ಹಿಡಿದರೆ ತೀರಾ ಹಗುರ ಅನ್ನಿಸಿದರೆ ಒಂದು ಎಳೆ ಕೆರೆದು ನೋಡಿ. ಹೊರಗೆ ತವರದ ಬಿಳಿ ಕಂಡರೂ ಕತ್ತರಿಸಿದ ತುದಿ ಕೆಂಪಗಿರಬೇಕು. ತುದಿಯೂ ಬಿಳಿ ಇದ್ದರೆ ಅದು ತಾಮ್ರದ ಬಣ್ಣ ಬಳಿದುಕೊಂಡ ಅಲ್ಯೂಮಿನಿಯಂ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಒಪ್ಪಿಕೊಳ್ಳಬೇಕು. ಕೇಬಲ್ಲಿನಿಂದ ಸ್ವರ ನಿಜಕ್ಕೂ ಬದಲಾಗುವ ಒಂದು ಜಾಗ ಇದೆ. ಅದು ನಿಮ್ಮ ಮನೆಯಲ್ಲೇ ಇದೆ, ರೆಕಾರ್ಡ್ ಪ್ಲೇಯರಿನಿಂದ ಬರುವ ಕೇಬಲ್. ಆದರೆ ಪಿನ್ನಿನ ಲೋಹದಿಂದ ಅಲ್ಲ, ಕೇಬಲ್ಲಿನ ಕೆಪಾಸಿಟೆನ್ಸಿನಿಂದ, ಅಂದರೆ ಒಳತಂತಿ ಮತ್ತು ಹೊದಿಕೆ ತಂತಿಯ ನಡುವೆ ವಿದ್ಯುತ್ ಕೂಡಿಟ್ಟುಕೊಳ್ಳುವ ಗುಣದಿಂದ. ಅದರ ಅಳತೆ ಪಿಕೋಫ್ಯಾರಡ್. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್ (ಮುಳ್ಳು ಕೂರುವ ಪುಟ್ಟ ಪೆಟ್ಟಿಗೆ) ಒಳಗೆ ಸಾವಿರಾರು ಸುತ್ತಿನ ಸುರುಳಿ ಇರುತ್ತದೆ. ಆ ಸುರುಳಿಯ ಇಂಡಕ್ಟೆನ್ಸ್ ಅರ್ಧ ಹೆನ್ರಿ ಇದ್ದು, ಕೇಬಲ್ ಮತ್ತು ಆಂಪ್ಲಿಫೈಯರ್ ಸೇರಿ 250 ಪಿಕೋಫ್ಯಾರಡ್ ಇದ್ದರೆ ಎರಡೂ ಕೂಡಿ 14 ಕಿಲೋಹರ್ಟ್ಸ್ ಸುತ್ತಮುತ್ತ ಅನುರಣಿಸುತ್ತವೆ, ಅಂದರೆ ಅಲ್ಲಿನ ಸ್ವರವನ್ನು ಎತ್ತಿಹಿಡಿಯುತ್ತವೆ. ಉದ್ದ ಕೇಬಲ್ ಹಾಕಿ ಅದನ್ನು 500ಕ್ಕೆ ಏರಿಸಿದರೆ ಅನುರಣನ 10ಕ್ಕೆ ಇಳಿಯುತ್ತದೆ. ತಾಳದ ಕಿಣಿ ಗಡುಸಾಗಿ, ಅದರ ಮೇಲಿನದು ಮಂಕಾಗಿ ಕೇಳುತ್ತದೆ. ಹಾಗಾಗಿ ರೆಕಾರ್ಡ್ ಪ್ಲೇಯರಿಗೆ ಒಂದು ಮೀಟರಿನ ಒಳಗಿನ ಕೇಬಲ್, ಮೀಟರಿಗೆ 100 ಪಿಕೋಫ್ಯಾರಡ್ ಅಥವಾ ಕಡಿಮೆ. ಮಗನಿಗೆ ಅಂಗಡಿಯಲ್ಲಿ ಈ ಅಂಕಿ ಕೇಳಲು ಹೇಳಿ. ಗೊತ್ತಿಲ್ಲ ಎಂದರೆ ಬೇರೆ ಅಂಗಡಿ.

ಗುಂಯ್ ಸದ್ದಿಗೆ ಮೊದಲು ನೋಡಬೇಕಾದ್ದು ಆರ್‌ಸಿಎ ಕೇಬಲ್ ಜೊತೆ ಬರುವ ಆ ತೆಳು ಗ್ರೌಂಡ್ ತಂತಿ. ಆಂಪ್ಲಿಫೈಯರ್ ಹಿಂದಿನ ಸ್ಕ್ರೂ ಬಿಚ್ಚಿ, ತಂತಿಯ ಕವಲು ತುದಿ ಒರೆಸಿ, ಮತ್ತೆ ಬಿಗಿಯಿರಿ. ಅದಾದ ಮೇಲೂ ಗುಂಯ್ ಉಳಿದರೆ ರೆಕಾರ್ಡ್ ಪ್ಲೇಯರ್ ಬಂದ್ ಮಾಡಿ ಮುಳ್ಳಿನ ಹಿಂದೆ ನೋಡಿ. ನಾಲ್ಕು ಪುಟ್ಟ ತಂತಿ, ಒಂದೊಂದಕ್ಕೂ ಒಂದು ಕ್ಲಿಪ್. ಕೆಂಪು ಬಲ, ಬಿಳಿ ಎಡ, ಹಸಿರು ಬಲದ ಗ್ರೌಂಡ್, ನೀಲಿ ಎಡದ ಗ್ರೌಂಡ್. ಚಿಮಟದಲ್ಲಿ ಕ್ಲಿಪ್ಪನ್ನೇ ಹಿಡಿದು, ತಂತಿ ಹಿಡಿಯದೆ, ಒಂದೊಂದನ್ನೇ ಎಳೆದು ಅದೇ ಜಾಗಕ್ಕೆ ತಳ್ಳಿ. ಒಂದನ್ನು ಹಾಕದೆ ಇನ್ನೊಂದು ತೆಗೆಯಬೇಡಿ. ಕ್ಲಿಪ್ ಮುರಿದರೆ ಪಕ್ಕದ ಹುಡುಗನ ಕೈಯಲ್ಲಿ ಅಲ್ಲೇ ಸೋಲ್ಡರ್ ಮಾಡಿಸಬೇಡಿ. ಆ ಬಿಸಿಗೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಹೆಡ್‌ಶೆಲ್ (ಮುಳ್ಳನ್ನು ಹಿಡಿದಿರುವ ತುದಿಯ ಭಾಗ) ಕಳಚಿ, ಮುಳ್ಳಿಗೆ ಮುಚ್ಚಳ ಹಾಕಿ, ಕುಮಟೆಗೆ ಬರುವ ಯಾರ ಕೈಯಲ್ಲಾದರೂ ಕಳಿಸಿ. ಕ್ಲಿಪ್ ಹೊರಗೆ ತೆಗೆದು ಸೋಲ್ಡರ್ ಮಾಡಿ ಸಂಜೆಯೊಳಗೆ ವಾಪಸ್ ಕೊಡುತ್ತೇನೆ.